ಸೈಕಲ್ಲು ಮತ್ತು ಮೋಟಾರು ವಾಹನ ಒಂದೇ ರಸ್ತೆಯಲ್ಲಿ: ದಾವಣಗೆರೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಸುಕಿನಲ್ಲಿ ಪತ್ರಿಕೆ ಹಾಕುವ ಹುಡುಗರು, ಮಂಡಕ್ಕಿ ಭಟ್ಟಿಯ ಕೆಲಸಗಾರರು, ಟ್ಯೂಷನ್ನಿಗೆ ಹೊರಟ ಮಕ್ಕಳು, ಹಳ್ಳಿಯಿಂದ ಹಾಲಿನ ಕ್ಯಾನು ತರುವವರು, ಆರೋಗ್ಯಕ್ಕೆಂದು ಗೇರ್ ಸೈಕಲ್ ಏರಿ ಕುಂದವಾಡ ಕೆರೆಯ ಕಡೆ ಹೋಗುವವರು, ಹೀಗೆ ದಾವಣಗೆರೆಯಲ್ಲಿ ಸೈಕಲ್ ತುಳಿಯುವವರು ಒಂದೇ ಬಗೆಯವರಲ್ಲ. ಅವರ ಪಕ್ಕದಲ್ಲೇ ಸ್ಕೂಟರ್, ಆಟೊ, ಕಾರು, ಬಸ್ಸು, ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರು, ಲಾರಿಗಳು ಸಾಗುತ್ತವೆ. ಈ ಎರಡೂ ಕಡೆಯವರು ಸಾಮಾನ್ಯವಾಗಿ ಎತ್ತುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದೆ. ಬಹಳಷ್ಟು ಮನೆಗಳಲ್ಲಿ ಅಪ್ಪ ಕಾರು ಓಡಿಸುತ್ತಾರೆ, ಮಗಳು ಸೈಕಲ್ ತುಳಿಯುತ್ತಾಳೆ. ಆದ್ದರಿಂದ ಎರಡೂ ಕಡೆಯವರು ಎರಡೂ ಬಗೆಯ ಉತ್ತರಗಳನ್ನು ಓದಿದರೆ ಒಳ್ಳೆಯದು.

ಸೈಕಲ್ ಮತ್ತು ಮೋಟಾರು ವಾಹನಗಳು ಒಂದೇ ರಸ್ತೆಯಲ್ಲಿ ಸುರಕ್ಷಿತವಾಗಿ ಸಾಗಬಹುದೇ?

ಸಾಗಬಹುದು, ಆದರೆ ಎಲ್ಲ ರಸ್ತೆಗಳಲ್ಲಿಯೂ ಅಲ್ಲ. ಉತ್ತರ ನಿಂತಿರುವುದು ಆ ರಸ್ತೆಯಲ್ಲಿ ವಾಹನಗಳು ಎಷ್ಟು ವೇಗದಲ್ಲಿ ಓಡುತ್ತವೆ ಎಂಬುದರ ಮೇಲೆ. ಸಾಮಾನ್ಯ ಸವಾರ ಗಂಟೆಗೆ ಸುಮಾರು 15 ಕಿಲೋಮೀಟರ್ ವೇಗದಲ್ಲಿ ತುಳಿಯುತ್ತಾನೆ ಎಂದಿಟ್ಟುಕೊಳ್ಳೋಣ. ಎಂಸಿಸಿ ಬಿ ಬ್ಲಾಕಿನ ಒಳ ಅಡ್ಡರಸ್ತೆಯಲ್ಲಿ 25ರ ವೇಗದಲ್ಲಿ ಬರುವ ಸ್ಕೂಟರಿಗೂ ಅವನಿಗೂ ಇರುವ ವ್ಯತ್ಯಾಸ ಹತ್ತೇ ಕಿಲೋಮೀಟರು. ಅಲ್ಲಿ ಒಬ್ಬರನ್ನೊಬ್ಬರು ನೋಡಲು, ನಿಧಾನಿಸಲು, ದಾರಿ ಬಿಡಲು ಸಮಯವಿರುತ್ತದೆ. ಅದೇ ಸವಾರ ರಿಂಗ್ ರಸ್ತೆಗೆ ಬಂದಾಗ ಹಿಂದಿನಿಂದ 60ರ ವೇಗದಲ್ಲಿ ಕಾರು ಬಂದರೆ, ಇಬ್ಬರೂ ಎಷ್ಟೇ ಸಜ್ಜನರಾಗಿದ್ದರೂ, ತಪ್ಪನ್ನು ತಿದ್ದಿಕೊಳ್ಳುವ ಅವಕಾಶ ಬಹಳ ಕಡಿಮೆ. ಪಾದಚಾರಿಗಳು ಮತ್ತು ಸೈಕಲ್ ಸವಾರರು ವಾಹನಗಳೊಡನೆ ಬೆರೆಯುವ ಕಡೆ ವೇಗವು ಗಂಟೆಗೆ 30 ಕಿಲೋಮೀಟರ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ರಸ್ತೆ ಸುರಕ್ಷತೆಯ ಸಚಿವರ ಜಾಗತಿಕ ಸಮ್ಮೇಳನದ ಘೋಷಣೆಯಲ್ಲಿಯೂ ಇದೇ ಮಿತಿ ಇದೆ. ಆ ಮಿತಿಯೊಳಗೆ ರಸ್ತೆಯನ್ನು ಹಂಚಿಕೊಳ್ಳಬಹುದು. ಅದನ್ನು ಮೀರಿದ ರಸ್ತೆಗಳಲ್ಲಿ ಸೈಕಲ್ಲಿಗೆ ಬೇರೆ ಜಾಗ ಬೇಕು. ಈ ಪುಟದ ಉಳಿದ ಉತ್ತರಗಳೆಲ್ಲ ಇದೇ ಮಾತಿನಿಂದ ಹೊರಟಿವೆ.

ವೇಗದ ಮೇಲೆ ಇಷ್ಟೊಂದು ಒತ್ತು ಏಕೆ? ಚಾಲಕನಿಗೆ ಕೈಹಿಡಿತ ಇದ್ದರೆ ಸಾಲದೇ?

ಸಾಲದು. ಅಡ್ಡ ಬಂದ ಸೈಕಲ್ಲನ್ನು ಕಂಡು, ಅಪಾಯವೆಂದು ಅರಿತು, ಬ್ರೇಕಿನ ಮೇಲೆ ಕಾಲಿಡಲು ಸಾಮಾನ್ಯ ಚಾಲಕನಿಗೆ ಸುಮಾರು ಒಂದೂವರೆ ಸೆಕೆಂಡು ಹಿಡಿಯುತ್ತದೆ. 30ರ ವೇಗದಲ್ಲಿರುವ ಕಾರು ಆ ಹೊತ್ತಿನಲ್ಲಿ ಹನ್ನೆರಡೂವರೆ ಮೀಟರ್ ಮುಂದೆ ಹೋಗಿರುತ್ತದೆ, ಬ್ರೇಕ್ ಹಿಡಿದ ಮೇಲೆ ಇನ್ನೈದು ಮೀಟರಿನಲ್ಲಿ ನಿಲ್ಲುತ್ತದೆ. ಒಟ್ಟು ಹೆಚ್ಚುಕಡಿಮೆ 18 ಮೀಟರ್. 60ರ ವೇಗದ ಕಾರಾದರೆ ಚಾಲಕನ ಕಾಲು ಬ್ರೇಕಿಗೆ ತಾಗುವ ಹೊತ್ತಿಗೇ 25 ಮೀಟರ್ ದಾಟಿರುತ್ತದೆ. ಒಣ ರಸ್ತೆಯಲ್ಲಿ ನಿಲ್ಲಲು ಒಟ್ಟು 45 ಮೀಟರ್ ಬೇಕು. ಅಂದರೆ ನಿಧಾನದ ಕಾರು ಸಂಪೂರ್ಣವಾಗಿ ನಿಂತ ಜಾಗದಲ್ಲಿ ವೇಗದ ಕಾರು ಇನ್ನೂ ಬ್ರೇಕ್ ಹಾಕಿಯೇ ಇರುವುದಿಲ್ಲ. ಮೇಲಾಗಿ ಡಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ವೇಗ ಎರಡು ಪಟ್ಟಾದಾಗ ಹೊಡೆತ ನಾಲ್ಕು ಪಟ್ಟಾಗುತ್ತದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಇವರಲ್ಲಿ ಶೇಕಡ 70ಕ್ಕೂ ಹೆಚ್ಚು ಮಂದಿಯ ಸಾವಿಗೆ ಅತಿವೇಗವೇ ಕಾರಣವೆಂದು ದಾಖಲಾಗಿದೆ.

ನಗರದೊಳಗೆ ಕಾನೂನಿನ ವೇಗಮಿತಿ ಎಷ್ಟಿದೆ?

ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ ನಗರಸಭೆ, ಪಾಲಿಕೆಗಳ ವ್ಯಾಪ್ತಿಯ ರಸ್ತೆಗಳಲ್ಲಿ ಕಾರಿಗೆ ಗಂಟೆಗೆ 70, ಬೈಕಿಗೆ 60 ಕಿಲೋಮೀಟರ್ ಗರಿಷ್ಠ ಮಿತಿ. ಇದು ಮೇಲ್ಮಿತಿ ಮಾತ್ರ. ಸ್ಥಳೀಯವಾಗಿ ಇದನ್ನು ಇಳಿಸಲು ರಾಜ್ಯಕ್ಕೆ ಅಧಿಕಾರವಿದೆ, ಶಾಲೆ, ಆಸ್ಪತ್ರೆಗಳ ಮುಂದೆ ಫಲಕ ಹಾಕಿ ಇಳಿಸುವುದೂ ಉಂಟು. ಆದರೂ ಮಂಡಿಪೇಟೆಯಂಥ ಕಡೆ 70 ಎಂಬ ಅಂಕಿಯನ್ನು ನೆನೆಸಿಕೊಂಡರೆ ನಗು ಬರುತ್ತದೆ. ಅಲ್ಲಿ ಯಾರೂ ಆ ವೇಗದಲ್ಲಿ ಓಡಿಸಲಾರರು, ದಟ್ಟಣೆ ಬಿಡುವುದಿಲ್ಲ. ಆತಂಕ ಇರುವುದು ಅಗಲವಾದ, ನಡುವೆ ಡಿವೈಡರ್ ಇರುವ, ರಾತ್ರಿ ಒಂಬತ್ತರ ಮೇಲೆ ಖಾಲಿಯಾಗುವ ಹಳೆ ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಯಂಥ ಕಡೆ.

ಸೈಕಲ್ಲಿಗೆ ರಸ್ತೆ ತೆರಿಗೆ ಇಲ್ಲ, ಲೈಸೆನ್ಸ್ ಇಲ್ಲ. ಹಾಗಿರುವಾಗ ರಸ್ತೆಯ ಮೇಲೆ ಸಮಾನ ಹಕ್ಕು ಹೇಗೆ?

1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಲ್ಲಿ ಸೈಕಲ್ ಮೋಟಾರು ವಾಹನವಲ್ಲ. ಆದ್ದರಿಂದ ಅದಕ್ಕೆ ನೋಂದಣಿ, ವಿಮೆ, ಲೈಸೆನ್ಸ್ ಬೇಡ. ಲೈಸೆನ್ಸ್ ಎಂಬುದು ಇತರರಿಗೆ ಅಪಾಯ ತರಬಲ್ಲ ಯಂತ್ರವನ್ನು ರಸ್ತೆಗಿಳಿಸಲು ಸರ್ಕಾರ ಕೊಡುವ ಅನುಮತಿ. ಕಾಲಿನಿಂದ ನಡೆಯಲು ಅಥವಾ ಪೆಡಲ್ ತುಳಿಯಲು ಅಂಥ ಅನುಮತಿ ಅಗತ್ಯವಿಲ್ಲ. ತೆರಿಗೆಯ ವಾದವೂ ನಿಲ್ಲುವುದಿಲ್ಲ. ಬಡಾವಣೆಯ ರಸ್ತೆಗಳಿಗೆ ಪಾಲಿಕೆ ಖರ್ಚು ಮಾಡುವ ಹಣದಲ್ಲಿ ಮನೆಗಂದಾಯವೂ ಸರ್ಕಾರದ ಅನುದಾನವೂ ಸೇರಿರುತ್ತವೆ, ಸರ್ಕಾರದ ಬೊಕ್ಕಸಕ್ಕೆ ಸೈಕಲ್ ಸವಾರ ಬೆಂಕಿಪೊಟ್ಟಣ ಕೊಂಡಾಗಲೂ ಒಂದಿಷ್ಟು ಸೇರಿಸಿಯೇ ಇರುತ್ತಾನೆ. ಅವನ ಸೈಕಲ್ಲು ರಸ್ತೆಯನ್ನು ಸವೆಸುವುದು ಇಲ್ಲವೆನ್ನುವಷ್ಟು ಕಡಿಮೆ.

2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯು ಪಾದಚಾರಿಗಳು, ಸೈಕಲ್ ಸವಾರರು, ಮಕ್ಕಳು, ವೃದ್ಧರು ಮತ್ತು ಅಂಗವಿಕಲರ ವಿಷಯದಲ್ಲಿ ವಿಶೇಷ ಎಚ್ಚರ ವಹಿಸುವುದನ್ನು ಚಾಲಕನ ಕರ್ತವ್ಯವೆಂದೇ ಹೇಳಿದೆ. ಭಾರದ ವಾಹನ ಓಡಿಸುವವನ ಮೇಲೆ ಹೊಣೆಯ ಭಾರವೂ ಹೆಚ್ಚು ಎಂಬುದು ಇದರ ತಾತ್ಪರ್ಯ.

ಸೈಕಲ್ ಸವಾರ ರಸ್ತೆಯ ತೀರಾ ಅಂಚಿನಲ್ಲಿಯೇ ಹೋಗಬೇಕೇ? ನಡುವೆ ಬಂದರೆ ಸಿಟ್ಟು ಬರುತ್ತದೆ.

ಎಡಭಾಗದಲ್ಲಿ ಹೋಗಬೇಕು ಎಂಬುದು ಸರಿ. ಅಂಚಿಗೆ ಅಂಟಿಕೊಂಡು ಹೋಗಬೇಕು ಎಂಬುದು ಸರಿಯಲ್ಲ. ನಮ್ಮ ರಸ್ತೆಗಳ ಎಡ ಅಂಚನ್ನು ಒಮ್ಮೆ ತಲೆ ಬಗ್ಗಿಸಿ ನೋಡಿದರೆ ಕಾರಣ ತಿಳಿಯುತ್ತದೆ. ಅಲ್ಲಿ ಮಳೆಗೆ ಕೊಚ್ಚಿ ಬಂದ ಮರಳು ಇರುತ್ತದೆ, ಚಕ್ರದ ದಿಕ್ಕಿಗೇ ಸೀಳು ಬಿಟ್ಟಿರುವ ಚರಂಡಿಯ ಕಬ್ಬಿಣದ ಜಾಲರಿ ಇರುತ್ತದೆ, ಪೈಪ್ ಹಾಕಲು ಅಗೆದು ಸರಿಯಾಗಿ ಮುಚ್ಚದ ಪಟ್ಟಿ ಇರುತ್ತದೆ, ಡಾಂಬರು ಮುಗಿದಲ್ಲಿ ಗೇಣುದ್ದದ ಇಳಿತ ಇರುತ್ತದೆ. ತೀರಾ ಅಂಚಿನಲ್ಲಿ ಹೋಗುವವನು ಇವುಗಳಲ್ಲಿ ಒಂದನ್ನು ಕಂಡೊಡನೆ ಬಲಕ್ಕೆ ಹೊರಳಲೇಬೇಕು, ಆ ಹಠಾತ್ ಹೊರಳಿಕೆಯನ್ನೇ ಹಿಂದಿನ ಚಾಲಕ ಊಹಿಸಲಾರ. ಅಂಚಿನಿಂದ ಸುಮಾರು ಒಂದು ಮೀಟರ್ ಬಿಟ್ಟು, ಗೆರೆ ಎಳೆದಂತೆ ನೇರವಾಗಿ ಸಾಗುವ ಸವಾರ ಅವನಿಗಿಂತ ಕ್ಷೇಮ. ರಸ್ತೆ ಕಿರಿದಾಗಿದ್ದು, ಹಿಂದಿನ ವಾಹನಕ್ಕೆ ಸುರಕ್ಷಿತವಾಗಿ ಮುಂದೆ ಹೋಗಲು ಜಾಗವೇ ಇಲ್ಲದಿದ್ದಾಗ ಸವಾರ ಸ್ವಲ್ಪ ಹೊತ್ತು ಇನ್ನಷ್ಟು ಒಳಗೆ ಬಂದರೆ ಅದು ಅಹಂಕಾರವಲ್ಲ. ತೂರಿಕೊಂಡು ಬರಬೇಡಿ ಎಂಬ ಸೂಚನೆ. ಜಾಗ ಸಿಕ್ಕೊಡನೆ ಎಡಕ್ಕೆ ಸರಿದು ದಾರಿ ಬಿಡುವುದು ಅವನ ಕರ್ತವ್ಯ.

ಸೈಕಲ್ಲನ್ನು ಹಿಂದಿಕ್ಕುವಾಗ ಎಷ್ಟು ಅಂತರ ಬಿಡಬೇಕು?

ಕನಿಷ್ಠ ಒಂದೂವರೆ ಮೀಟರ್. ಜರ್ಮನಿಯ ಸಂಚಾರ ನಿಯಮದಲ್ಲಿ 2020ರಿಂದ ಊರೊಳಗೆ ಒಂದೂವರೆ ಮೀಟರ್, ಊರಾಚೆ ಎರಡು ಮೀಟರ್ ಎಂದು ಬರೆದಿದೆ. ಬ್ರಿಟನ್ನಿನ ಹೆದ್ದಾರಿ ಸಂಹಿತೆಯಲ್ಲಿಯೂ 2022ರಿಂದ ಒಂದೂವರೆ ಮೀಟರಿನ ಸಲಹೆ ಇದೆ. ನಮ್ಮ ಊರಿಗೆ ಈ ಅಳತೆ ಹೆಚ್ಚಾಯಿತು ಎನ್ನುವವರು ಮಂಡಕ್ಕಿ ಚೀಲ ಹೇರಿದ ಸೈಕಲ್ಲಿನ ಹಿಂದೆ ಸ್ವಲ್ಪ ದೂರ ಹೋಗಿ ನೋಡಬೇಕು. ಕ್ಯಾರಿಯರ್ ಮೇಲೆ ಅಡ್ಡಲಾಗಿ ಕಟ್ಟಿದ ಚೀಲ ಹ್ಯಾಂಡಲ್ಲಿಗಿಂತ ಎರಡೂ ಬದಿಗೆ ಅಗಲವಾಗಿ ಉಬ್ಬಿರುತ್ತದೆ. ತೂಕ ಕಡಿಮೆ, ಗಾತ್ರ ದೊಡ್ಡದು. ಹೀಗಾಗಿ ಗಾಳಿ ಅದನ್ನು ಹಿಡಿದು ಎಳೆಯುತ್ತದೆ. ಬಸ್ಸು ಪಕ್ಕದಲ್ಲಿ ವೇಗವಾಗಿ ಹಾಯ್ದಾಗ ಮೊದಲು ಗಾಳಿ ಹೊರಕ್ಕೆ ತಳ್ಳುತ್ತದೆ, ಬಸ್ಸು ಮುಂದೆ ಹೋದಂತೆ ಒಳಕ್ಕೆ ಎಳೆಯುತ್ತದೆ. ಸವಾರನ ಎರಡೂ ತೋಳು ಬಿಗಿಯುತ್ತವೆ, ಮುಂದಿನ ಚಕ್ರ ಒಂದೆರಡು ಸಲ ತೂಗಾಡುತ್ತದೆ. ಆ ತೂಗಾಟಕ್ಕೆ ಬೇಕಾದ ಜಾಗವೂ ಒಂದೂವರೆ ಮೀಟರಿನಲ್ಲಿ ಸೇರಿದೆ.

ಅಷ್ಟು ಜಾಗ ಇಲ್ಲದಿದ್ದರೆ ಹಿಂದಿಕ್ಕಬಾರದು, ಕಾಯಬೇಕು. ಮುಂದಿನ ಸಿಗ್ನಲ್ಲಿನಲ್ಲಿ ಆ ಸೈಕಲ್ಲು ಮತ್ತೆ ನಿಮ್ಮ ಪಕ್ಕಕ್ಕೇ ಬಂದು ನಿಲ್ಲುವುದನ್ನು ಜಯದೇವ ವೃತ್ತದಲ್ಲಿ ದಿನವೂ ಕಾಣಬಹುದು.

ಹಿಂದಿಕ್ಕುವ ಮೊದಲು ಹಾರ್ನ್ ಹೊಡೆಯುವುದು ಒಳ್ಳೆಯದಲ್ಲವೇ?

ದೂರದಲ್ಲಿದ್ದಾಗ ಒಮ್ಮೆ ಚಿಕ್ಕದಾಗಿ ಹೊಡೆದರೆ ಉಪಯೋಗವುಂಟು. ಬೆನ್ನಿಗೆ ಬಂದು ಹೊಡೆದರೆ ಸವಾರ ಬೆಚ್ಚಿ ಹಿಂದೆ ತಿರುಗಿ ನೋಡುತ್ತಾನೆ, ತಿರುಗಿದ ಕಡೆಗೇ ಹ್ಯಾಂಡಲ್ಲೂ ವಾಲುತ್ತದೆ. ಮಕ್ಕಳ ಹಿಂದೆ ಇದ್ದಾಗ ಹಾರ್ನಿಗಿಂತ ಬ್ರೇಕಿನ ಕಡೆ ಗಮನವಿರಲಿ.

ಬಸ್ಸು, ಲಾರಿಗಳ ಪಕ್ಕದಲ್ಲಿ ಸೈಕಲ್ ತುಳಿಯುವುದು ಏಕೆ ಅಷ್ಟು ಅಪಾಯ?

ಎರಡು ಕಾರಣಗಳಿವೆ. ಮೊದಲನೆಯದು ಕಾಣದ ಜಾಗ. ನಮ್ಮ ದೇಶದಲ್ಲಿ ಚಾಲಕ ಬಲಬದಿಯಲ್ಲಿ, ಎತ್ತರದಲ್ಲಿ ಕುಳಿತಿರುತ್ತಾನೆ. ಆದ್ದರಿಂದ ಲಾರಿಯ ಎಡಬದಿಯಲ್ಲಿ, ಅದರಲ್ಲೂ ಎಡ ಮುಂಬಾಗಿಲಿನಿಂದ ಹಿಂದಕ್ಕೆ, ಮತ್ತು ಬಂಪರಿನ ಮುಂದೆ ಒತ್ತಿಕೊಂಡು ನಿಂತ ಸೈಕಲ್ಲು ಅವನಿಗೆ ಕಾಣದಿರುವ ಸಂಭವ ಹೆಚ್ಚು. ನಿಮಗೆ ಲಾರಿಯ ಕನ್ನಡಿಯಲ್ಲಿ ಚಾಲಕನ ಮುಖ ಕಾಣದಿದ್ದರೆ ಅವನಿಗೂ ನೀವು ಕಾಣುತ್ತಿಲ್ಲ ಎಂದೇ ತಿಳಿಯಬೇಕು.

ಎರಡನೆಯದು ಅನೇಕ ಅನುಭವಿ ಸವಾರರಿಗೂ ಗೊತ್ತಿರುವುದಿಲ್ಲ. ಉದ್ದನೆಯ ವಾಹನ ಎಡಕ್ಕೆ ತಿರುಗುವಾಗ ಅದರ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡಿನಲ್ಲಿಯೇ ಬರುವುದಿಲ್ಲ. ಅವು ಒಳಗಡೆಯಿಂದ, ಮೂಲೆಯನ್ನು ಕತ್ತರಿಸಿಕೊಂಡು ಬರುತ್ತವೆ. ಇದಕ್ಕಾಗಿಯೇ ಚಾಲಕ ಮೊದಲು ಬಲಕ್ಕೆ ಸ್ವಲ್ಪ ಎಳೆದು ಆಮೇಲೆ ಎಡಕ್ಕೆ ತಿರುಗಿಸುತ್ತಾನೆ. ಬಲಕ್ಕೆ ಸರಿದದ್ದನ್ನು ಕಂಡ ಸೈಕಲ್ ಸವಾರ ತನಗೇ ಜಾಗ ಬಿಟ್ಟರು ಎಂದು ಎಡಗಡೆ ನುಗ್ಗುತ್ತಾನೆ, ಆ ಹೊತ್ತಿಗೆ ಸರಿಯಾಗಿ ಹಿಂದಿನ ಚಕ್ರ ಆ ಜಾಗಕ್ಕೆ ಬರುತ್ತದೆ. ಟ್ರ್ಯಾಕ್ಟರಿಗೆ ಜೋಡಿಸಿದ ಟ್ರೈಲರ್ ಕೂಡ ಹೀಗೆಯೇ ಒಳಗಡೆಯಿಂದ ಎಳೆದುಕೊಂಡು ಬರುತ್ತದೆ. ಆದ್ದರಿಂದ ವೃತ್ತಗಳಲ್ಲಿ, ಎಪಿಎಂಸಿಯ ಹೆಬ್ಬಾಗಿಲಿನ ಬಳಿ, ಬಸ್ ನಿಲ್ದಾಣದ ತಿರುವಿನಲ್ಲಿ ದೊಡ್ಡ ವಾಹನದ ಎಡಕ್ಕೆ ತೂರುವುದೇ ಬೇಡ. ಹಿಂದೆ ನಿಂತು ಅದು ತಿರುಗಿ ಮುಗಿಯುವ ತನಕ ಕಾಯಬೇಕು.

ಬಸ್ಸಿನವರಿಗೂ ಒಂದು ಮಾತು ಹೇಳಬೇಕು. ಸೈಕಲ್ಲನ್ನು ಹಿಂದಿಕ್ಕಿದ ಮರುಕ್ಷಣವೇ ನಿಲ್ದಾಣಕ್ಕೆಂದು ಎಡಕ್ಕೆ ಒತ್ತಿದರೆ ಸವಾರನಿಗೆ ಚರಂಡಿಯಲ್ಲದೆ ಬೇರೆ ದಾರಿ ಉಳಿಯುವುದಿಲ್ಲ. ನಿಲ್ದಾಣ ಹತ್ತಿರವಿದ್ದರೆ ಸೈಕಲ್ಲಿನ ಹಿಂದೆಯೇ ಉಳಿದು ನಿಲ್ಲಿಸಬಹುದು.

ನಿಂತ ಕಾರಿನ ಬಾಗಿಲು ತೆರೆಯುವುದೂ ಅಪಘಾತಕ್ಕೆ ಕಾರಣವಾಗುತ್ತದೆಯೇ?

ಖಂಡಿತ ಆಗುತ್ತದೆ. ಬೆಣ್ಣೆದೋಸೆ ಹೋಟೆಲುಗಳ ಮುಂದೆ ಭಾನುವಾರ ಬೆಳಿಗ್ಗೆ ಕಾರುಗಳು ಹೇಗೆ ನಿಂತಿರುತ್ತವೆ ಎಂಬುದನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಚಾಲಕನ ಬಾಗಿಲು ರಸ್ತೆಯ ಕಡೆಗೇ ತೆರೆಯುವುದರಿಂದ ಅವನು ಅದನ್ನು ಬಲಗೈಯಿಂದ ತೆರೆಯದೆ ಎಡಗೈಯಿಂದ ತೆರೆಯುವ ಅಭ್ಯಾಸ ಮಾಡಿಕೊಳ್ಳಬೇಕು. ಎಡಗೈ ಬಲಬಾಗಿಲಿಗೆ ಚಾಚಿದಾಗ ಭುಜ ತಾನಾಗಿ ಹೊರಳಿ, ಕಣ್ಣು ಹಿಂದಿನ ರಸ್ತೆಯ ಮೇಲೆ ಬೀಳುತ್ತದೆ. ನೆದರ್ಲೆಂಡ್ಸ್‌ನಲ್ಲಿ ರೂಢಿಯಲ್ಲಿರುವ ಈ ಕ್ರಮವನ್ನು ಬ್ರಿಟನ್ 2022ರಲ್ಲಿ ತನ್ನ ಸಂಹಿತೆಗೆ ಸೇರಿಸಿಕೊಂಡಿತು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಸೈಕಲ್ ಸವಾರರು ನಿಂತ ಕಾರುಗಳ ಸಾಲಿನಿಂದ ಒಂದು ಬಾಗಿಲಿನ ಅಗಲದಷ್ಟು ದೂರವಿದ್ದೇ ಹಾಯಬೇಕು.

ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸೈಕಲ್ ತುಳಿಯಬಹುದೇ?

ಸರ್ವಿಸ್ ರಸ್ತೆ ಇರುವ ಕಡೆ ಮುಖ್ಯ ಹೆದ್ದಾರಿಗೆ ಇಳಿಯಲೇಬಾರದು ಎಂಬುದು ನಮ್ಮ ಸ್ಪಷ್ಟ ಸಲಹೆ. ಷಟ್ಪಥವಾದ ಮೇಲೆ ಇದು ಹಳೆಯ ಪುಣೆ–ಬೆಂಗಳೂರು ರಸ್ತೆಯಲ್ಲ. ಇಲ್ಲಿ ವಾಹನಗಳು ಸೈಕಲ್ಲಿಗಿಂತ ಐದಾರು ಪಟ್ಟು ವೇಗವಾಗಿ ಓಡುತ್ತವೆ, ಇಂಥ ರಸ್ತೆಯನ್ನು ಹಂಚಿಕೊಳ್ಳುವ ಮಾತೇ ಬರುವುದಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳ ಜೊತೆಗೆ ಮೋಟಾರಿಲ್ಲದ ವಾಹನಗಳನ್ನೂ ನಿಷೇಧಿಸಿರುವುದು ಇದೇ ಕಾರಣಕ್ಕೆ.

ಆದರೆ ಸರ್ವಿಸ್ ರಸ್ತೆಯನ್ನು ತೋರಿಸಿ ಕೈತೊಳೆದುಕೊಂಡರೆ ಆಗುವುದಿಲ್ಲ. ಎಷ್ಟೋ ಕಡೆ ಅದು ಅರ್ಧದಲ್ಲಿ ನಿಲ್ಲುತ್ತದೆ, ಅಥವಾ ಅದರ ಮೇಲೆಯೇ ಲಾರಿಗಳು ಸಾಲುಗಟ್ಟಿ ನಿಂತಿರುತ್ತವೆ. ಅಂಡರ್‌ಪಾಸ್ ದೂರವಿದ್ದಷ್ಟೂ ಎದುರು ದಿಕ್ಕಿನಲ್ಲಿ ಬರುವ ಬೈಕುಗಳು ಹೆಚ್ಚು. ಹೆದ್ದಾರಿಗೆ ಹೊಂದಿಕೊಂಡ ಹಳ್ಳಿಯವರಿಗೆ ಹೊಲ ಒಂದು ಕಡೆ, ಮನೆ ಇನ್ನೊಂದು ಕಡೆ. ಅವರು ಸೈಕಲ್ಲನ್ನು ಡಿವೈಡರ್ ಮೇಲೆ ಎತ್ತಿ ದಾಟಿಸುವುದನ್ನು ಕಂಡು ಬೈಯುವ ಮುನ್ನ, ದಾಟಲು ಎಷ್ಟು ದೂರ ಸುತ್ತಬೇಕು ಎಂದು ವಿಚಾರಿಸುವುದು ನ್ಯಾಯ.

ಹರಿಹರದ ಕಡೆಗೆ ಹೋಗುವವರಿಗೆ ದೊಡ್ಡಬಾತಿಯ ಮೇಲಿನ ಹಳೆ ರಸ್ತೆ ಹೆದ್ದಾರಿಗಿಂತ ಮೇಲು. ಚಿತ್ರದುರ್ಗದ ಕಡೆ ತುಳಿಯುವವರು ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಅಡ್ಡಗಾಳಿ ಬೀಸುವಾಗ ಲಾರಿಯೊಂದು ಪಕ್ಕದಲ್ಲಿ ಹಾಯ್ದರೆ ಕ್ಷಣಕಾಲ ಗಾಳಿ ಮರೆಯಾಗಿ, ಸೈಕಲ್ಲು ಲಾರಿಯ ಕಡೆಗೇ ವಾಲುತ್ತದೆ.

ರಸ್ತೆಯ ಮೇಲೆ ಒಕ್ಕಣೆ ಮಾಡಿದಾಗ, ಮೆಕ್ಕೆಜೋಳ ಹರವಿದಾಗ ಏನು ಮಾಡಬೇಕು?

ಸುಗ್ಗಿಯಲ್ಲಿ ಜಗಳೂರು, ಮಾಯಕೊಂಡ, ಹೊಳಲ್ಕೆರೆಗಳ ಕಡೆ ಹೋಗಿ ಬರುವವರೆಲ್ಲರೂ ಕಂಡಿರುವ ನೋಟವಿದು. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿ, ವಾಹನಗಳು ಹತ್ತದಿರಲೆಂದು ಅಂಚಿಗೆ ಕಲ್ಲುಗಳನ್ನು ಇಟ್ಟಿರುತ್ತಾರೆ. ಕಾಳಿನ ಮೇಲೆ ಸೈಕಲ್ಲಿನ ಸಣ್ಣ ಚಕ್ರ ನಿಲ್ಲುವುದಿಲ್ಲ, ಬ್ರೇಕ್ ಹಿಡಿದರಂತೂ ಜಾರುವುದು ಖಚಿತ. ಹಾಯಲೇಬೇಕಾದರೆ ಹ್ಯಾಂಡಲ್ ತಿರುಗಿಸದೆ, ಬ್ರೇಕ್ ಮುಟ್ಟದೆ, ನೇರವಾಗಿ ನಿಧಾನಕ್ಕೆ ಹೋಗಬೇಕು. ಇಳಿದು ತಳ್ಳಿಕೊಂಡು ಹೋದರೆ ಇನ್ನೂ ಉತ್ತಮ. ಕತ್ತಲಾದ ಮೇಲೆ ಆ ಕಲ್ಲುಗಳೇ ದೊಡ್ಡ ಅಪಾಯ. ರೈತನಿಗೆ ಕಣ ಮಾಡಲು ಜಾಗವಿಲ್ಲ, ಮಳೆಯ ಭಯವಿದೆ ಎಂಬುದು ನಿಜ. ಕಾಳು ಬಳಿದುಕೊಂಡು ಹೋಗುವಾಗ ಕಲ್ಲನ್ನೂ ತೆಗೆದಿಟ್ಟು ಹೋಗಿ ಎಂದು ಕೇಳುವುದು ಹೆಚ್ಚಿನ ಬೇಡಿಕೆಯಲ್ಲ. ಗ್ರಾಮ ಪಂಚಾಯಿತಿಗಳು ಸಾಮೂಹಿಕ ಕಣಗಳನ್ನು ಕಟ್ಟಿಸಿದರೆ ಅದನ್ನು ರಸ್ತೆ ಸುರಕ್ಷತೆಯ ಕಾಮಗಾರಿ ಎಂದೇ ಕರೆಯಬಹುದು.

ರಾತ್ರಿ ಸೈಕಲ್ ತುಳಿಯುವವರಿಗೆ ಏನು ಬೇಕು?

ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ, ರಿಫ್ಲೆಕ್ಟರುಗಳು. ಡೈನಮೋ ದೀಪ ಸೈಕಲ್ಲು ನಿಂತೊಡನೆ ಆರಿಹೋಗುತ್ತದೆ. ತಿರುವಿನಲ್ಲಿ ರಸ್ತೆಯ ನಡುವೆ ಕಾಯುವಾಗಲೇ ಅದು ಆರುವುದರಿಂದ ಹಿಂಬದಿಗೆ ಬ್ಯಾಟರಿ ದೀಪವೇ ಸರಿ. ಪೆಡಲ್ಲಿನ ಹಳದಿ ರಿಫ್ಲೆಕ್ಟರನ್ನು ಕಿತ್ತು ಬಿಸಾಡಬೇಡಿ. ಮೇಲೆ ಕೆಳಗೆ ಆಡುವ ಆ ಎರಡು ಚುಕ್ಕೆಗಳನ್ನು ಕಂಡ ಚಾಲಕನಿಗೆ ಅದು ಮೈಲಿಗಲ್ಲಲ್ಲ, ಸೈಕಲ್ಲು ಎಂದು ತಕ್ಷಣ ಹೊಳೆಯುತ್ತದೆ.

ಎದುರು ಬರುವ ವಾಹನ ಹೈ ಬೀಮ್ ಇಳಿಸದಿದ್ದರೆ ಸವಾರನ ಕಣ್ಣು ಕೆಲವು ಸೆಕೆಂಡುಗಳ ಕಾಲ ಕುರುಡಾಗುತ್ತದೆ. ಕಾರಿನವರು ಎದುರಿನ ಕಾರಿಗೆ ಡಿಪ್ ಮಾಡುತ್ತಾರೆ. ಸೈಕಲ್ಲಿಗೂ ಡಿಪ್ ಮಾಡಬೇಕೆಂಬುದು ಅನೇಕರಿಗೆ ತೋಚುವುದೇ ಇಲ್ಲ. ದೀಪವಿಲ್ಲದ ಟ್ರೈಲರ್ ಮಾಲೀಕರು ಹಿಂಬದಿಗೆ ಹೊಳೆಯುವ ಪಟ್ಟಿಯನ್ನಾದರೂ ಅಂಟಿಸಬೇಕು.

ಸೈಕಲ್ಲಿಗೆ ಹೆಲ್ಮೆಟ್ ಕಡ್ಡಾಯವೇ?

ಇಲ್ಲ. ಹೆಲ್ಮೆಟ್ ಕಡ್ಡಾಯ ಮಾಡಿರುವ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಮೋಟಾರು ಬೈಕಿಗೆ ಅನ್ವಯಿಸುತ್ತದೆ. ಆದರೂ ಬಿದ್ದಾಗ ತಲೆಯ ಪೆಟ್ಟನ್ನು ಅದು ಕಡಿಮೆ ಮಾಡುವುದರಿಂದ ಧರಿಸುವುದು ಒಳ್ಳೆಯದು. ಲಾರಿಯ ವೇಗವನ್ನು ಅದು ಕಡಿಮೆ ಮಾಡುವುದಿಲ್ಲ.

ಎದುರು ಬರುವ ವಾಹನ ಕಾಣಲೆಂದು ಬಲಬದಿಯಲ್ಲಿ ಸೈಕಲ್ ತುಳಿದರೆ ಕ್ಷೇಮವಲ್ಲವೇ?

ಅಲ್ಲ. ನಡೆಯುವವರಿಗೆ ಆ ಮಾತು ಸರಿ, ಏಕೆಂದರೆ ಅವರು ಒಂದು ಹೆಜ್ಜೆ ಪಕ್ಕಕ್ಕೆ ಇಡಬಲ್ಲರು. 15ರ ವೇಗದ ಸೈಕಲ್ಲಿಗೆ 40ರ ವೇಗದ ಬೈಕು ಹಿಂದಿನಿಂದ ತಾಗಿದರೆ ವೇಗದ ವ್ಯತ್ಯಾಸ 25. ಎದುರಿನಿಂದ ತಾಗಿದರೆ 55. ಇನ್ನೂ ಮುಖ್ಯ ಕಾರಣ ಅಡ್ಡರಸ್ತೆಗಳಲ್ಲಿದೆ. ಒಳರಸ್ತೆಯಿಂದ ಮುಖ್ಯರಸ್ತೆಗೆ ಎಡಕ್ಕೆ ತಿರುಗುವ ಚಾಲಕ ಬಲಕ್ಕೆ ಮಾತ್ರ ನೋಡುತ್ತಾನೆ, ವಾಹನಗಳು ಬರುವುದು ಆ ಕಡೆಯಿಂದಲೇ. ರಾಂಗ್ ಸೈಡಿನಲ್ಲಿ ಬರುವ ಸೈಕಲ್ಲು ಅವನ ಎಡದಿಂದ ಬರುತ್ತದೆ, ಕಂಡಾಗ ತಡವಾಗಿರುತ್ತದೆ.

ಸೈಕಲ್ ಸವಾರರೇ ಸಿಗ್ನಲ್ ಮುರಿಯುತ್ತಾರೆ, ಕೈ ತೋರಿಸದೆ ತಿರುಗುತ್ತಾರೆ. ಅವರಿಗೆ ಹೊಣೆಯಿಲ್ಲವೇ?

ಇದೆ. ಕೆಂಪು ದೀಪ ಅವರಿಗೂ ಕೆಂಪೇ. ಬಲಕ್ಕೆ ತಿರುಗುವ ಮುನ್ನ ಹಿಂದೆ ನೋಡಿ, ಕೈಚಾಚಿ, ಆಮೇಲೆ ಒಳಗೆ ಬರಬೇಕು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತುಳಿಯುವುದು, ಇಬ್ಬರು ಮೂವರು ಅಕ್ಕಪಕ್ಕ ಮಾತಾಡುತ್ತಾ ಸಾಗುವುದು, ಬೈಕಿನವರ ಹೆಗಲು ಹಿಡಿದು ಎಳೆಸಿಕೊಂಡು ಹೋಗುವುದು, ಇವೆಲ್ಲ ತಪ್ಪು. ದೊಡ್ಡ ವೃತ್ತದಲ್ಲಿ ಬಲಕ್ಕೆ ತಿರುಗಲು ಧೈರ್ಯ ಸಾಲದಿದ್ದರೆ ಇಳಿದು ಪಾದಚಾರಿಯಂತೆ ದಾಟುವುದರಲ್ಲಿ ನಾಚಿಕೆಯಿಲ್ಲ. ಆದರೆ ಒಂದು ವಿಷಯವನ್ನು ಮರೆಮಾಚಬಾರದು. ಸೈಕಲ್ ಸವಾರನ ತಪ್ಪಿಗೆ ಪೆಟ್ಟು ತಿನ್ನುವವನು ಬಹುಪಾಲು ಅವನೇ. ಚಾಲಕನ ತಪ್ಪಿಗೂ ಪೆಟ್ಟು ತಿನ್ನುವವನು ಅವನೇ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಪ್ರತ್ಯೇಕ ಸೈಕಲ್ ಪಥ ಮಾಡಿದರೆ ಎಲ್ಲ ಸಮಸ್ಯೆ ಮುಗಿಯುವುದಿಲ್ಲವೇ?

ವೇಗದ ರಸ್ತೆಗಳಲ್ಲಿ ಅದು ಬೇಕೇ ಬೇಕು. ನೆದರ್ಲೆಂಡ್ಸ್ ಮೊದಲಿನಿಂದಲೂ ಸೈಕಲ್ಲಿನ ಸ್ವರ್ಗವಾಗಿತ್ತು ಎಂಬುದು ತಪ್ಪು ಕಲ್ಪನೆ. 1971ರಲ್ಲಿ ಆ ಪುಟ್ಟ ದೇಶದಲ್ಲಿ ರಸ್ತೆ ಅಪಘಾತಗಳಿಗೆ ಸುಮಾರು 3,300 ಮಂದಿ ಬಲಿಯಾದರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಂದೆತಾಯಿಯರು ಬೀದಿಗಿಳಿದರು, 1973ರ ತೈಲ ಬಿಕ್ಕಟ್ಟೂ ಜೊತೆಗೂಡಿತು, ಆಮೇಲೆ ದಶಕಗಳ ಕಾಲ ಪಥಗಳನ್ನು ಕಟ್ಟಿದರು. ಅಲ್ಲಿಯೂ ಬಡಾವಣೆಯ ಒಳರಸ್ತೆಗಳಲ್ಲಿ ಪಥವಿಲ್ಲ, ಕಾರಿನ ವೇಗವನ್ನೇ ಇಳಿಸಿದ್ದಾರೆ.

ದಾವಣಗೆರೆ 2016ರ ಜನವರಿಯಲ್ಲಿ ಪ್ರಕಟವಾದ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯ 20 ನಗರಗಳಲ್ಲಿ ಒಂದು. ಮೈಸೂರಿನಲ್ಲಿ 2017ರಲ್ಲಿಯೇ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಸೇವೆ ಶುರುವಾಯಿತು. ಯೋಜನೆಗಳಿಗೆ ಬರವಿಲ್ಲ. ಬಣ್ಣ ಬಳಿದು ಸೈಕಲ್ಲಿನ ಚಿತ್ರ ಬರೆದ ಮಾತ್ರಕ್ಕೆ ಅದು ಪಥವಾಗುವುದಿಲ್ಲ, ಮರುದಿನವೇ ಅಲ್ಲಿ ಕಾರು ನಿಲ್ಲುತ್ತದೆ. ಎತ್ತರದ ಅಂಚುಗಲ್ಲು ಅಥವಾ ಗೂಟಗಳಿಂದ ಬೇರ್ಪಡಿಸಿದ್ದು, ವೃತ್ತಗಳ ಬಳಿ ಕಡಿದುಹೋಗದೆ ಮುಂದುವರಿದದ್ದು ಮಾತ್ರ ಉಪಯೋಗಕ್ಕೆ ಬರುತ್ತದೆ. ಪಥ ಕೊನೆಯಾಗುವ ವೃತ್ತದಲ್ಲಿಯೇ ಅಪಾಯ ಹೆಚ್ಚು. ಹದಡಿ ರಸ್ತೆ, ಶಾಮನೂರು ರಸ್ತೆಗಳಂಥ ಶಾಲೆ ಕಾಲೇಜುಗಳ ದಾರಿಗಳಿಂದ ಆರಂಭಿಸಿದರೆ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಸೈಕಲ್ಲುಗಳ ಸಂಖ್ಯೆ ಹೆಚ್ಚಿದಷ್ಟೂ ಒಬ್ಬೊಬ್ಬ ಸವಾರನ ಅಪಾಯ ಇಳಿಯುತ್ತದೆ ಎಂಬುದನ್ನು ಪೀಟರ್ ಜೇಕಬ್ಸನ್ ಎಂಬ ಸಂಶೋಧಕ 2003ರಲ್ಲಿ ತೋರಿಸಿದ್ದಾರೆ. ಚಾಲಕರ ಕಣ್ಣು ಪಳಗುವುದೇ ಇದಕ್ಕೆ ಕಾರಣವೆಂದು ಅವರ ವಿವರಣೆ.

ಬ್ಯಾಟರಿ ಸೈಕಲ್ಲಿಗೆ ಯಾವ ನಿಯಮ?

ಮೋಟಾರಿನ ಶಕ್ತಿ 250 ವಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋಗಿಂತ ಕಡಿಮೆ ಇದ್ದರೆ ಅದನ್ನು ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ. ಅಂಗಡಿಯಲ್ಲಿ ಮಿತಿ ತೆಗೆಸಿ ವೇಗ ಹೆಚ್ಚಿಸಿಕೊಂಡರೆ ಈ ವಿನಾಯಿತಿ ಉಳಿಯುವುದಿಲ್ಲ.

ಮಕ್ಕಳನ್ನು ಸೈಕಲ್ಲಿನಲ್ಲಿ ಶಾಲೆಗೆ ಕಳಿಸಬಹುದೇ?

ದಾರಿ ನೋಡಿ ನಿರ್ಧರಿಸಬೇಕು. ಸರ್ಕಾರಿ ಶಾಲೆಯ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ನಮ್ಮ ರಾಜ್ಯದಲ್ಲಿ 2006-07ರಲ್ಲಿ ಆರಂಭವಾಗಿ ಕೋವಿಡ್ ಕಾಲದಲ್ಲಿ ನಿಂತುಹೋಯಿತು. ಆ ಸೈಕಲ್ಲುಗಳಿಂದಾಗಿಯೇ ಹೈಸ್ಕೂಲು ಮುಗಿಸಿದ ಹೆಣ್ಣುಮಕ್ಕಳು ಪ್ರತಿ ಹಳ್ಳಿಯಲ್ಲೂ ಸಿಗುತ್ತಾರೆ. ನಗರದಲ್ಲಿ ಮೊದಲು ರಜೆಯ ದಿನ ಮಗುವಿನೊಡನೆ ನೀವೂ ಸೈಕಲ್ಲಿನಲ್ಲಿ ಆ ದಾರಿಯಲ್ಲಿ ಹೋಗಿ ಬನ್ನಿ. ಹತ್ತಿರದ ದಾರಿಗಿಂತ ಒಳರಸ್ತೆಗಳ ಸುತ್ತುದಾರಿ ಮೇಲು. ಯಾವ ತಿರುವಿನಲ್ಲಿ ಇಳಿದು ತಳ್ಳಬೇಕು ಎಂಬುದನ್ನು ಸ್ಥಳದಲ್ಲಿಯೇ ತೋರಿಸಿ.

ಸೈಕಲ್ ಅಪಾಯವೆಂದು ಹದಿನೈದರ ಹುಡುಗನಿಗೆ ಸ್ಕೂಟರ್ ಕೊಡುವ ತಂದೆತಾಯಿ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ 199ಎ ಕಲಂ ಓದಬೇಕು. ಅಪ್ರಾಪ್ತ ವಯಸ್ಕ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದ ತನಕ ಜೈಲು, 25,000 ರೂಪಾಯಿ ದಂಡ, 12 ತಿಂಗಳು ಗಾಡಿಯ ನೋಂದಣಿ ರದ್ದು. ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಸಿಗುವುದಿಲ್ಲ.

ಅಪಘಾತವಾದರೆ ಏನು ಮಾಡಬೇಕು?

112 ಅಥವಾ 108ಕ್ಕೆ ಕರೆ ಮಾಡಿ. ಗಾಯಾಳುವಿಗೆ ಚಿಕಿತ್ಸೆ ದೊರಕಿಸಲು ಯತ್ನಿಸುವುದು, ಪೊಲೀಸರಿಗೆ ತಿಳಿಸುವುದು ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಚಾಲಕನ ಕರ್ತವ್ಯ. ನೆರವಿಗೆ ಬಂದ ದಾರಿಹೋಕರಿಗೆ ತೊಂದರೆಯಾಗದಂತೆ 134ಎ ಕಲಂ ರಕ್ಷಣೆ ಕೊಡುತ್ತದೆ, ಆದ್ದರಿಂದ ಕೋರ್ಟಿನ ಅಲೆದಾಟಕ್ಕೆ ಹೆದರಿ ಹಿಂಜರಿಯಬೇಕಾಗಿಲ್ಲ. 2025ರ ಮೇ ತಿಂಗಳಿನಲ್ಲಿ ಜಾರಿಗೆ ಬಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ, ಮೋಟಾರು ವಾಹನದಿಂದಾದ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನಗಳ ತನಕ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಸೈಕಲ್ ಸವಾರರೂ ಇದರೊಳಗೆ ಬರುತ್ತಾರೆ. ಗುದ್ದಿದ ವಾಹನ ಪತ್ತೆಯಾಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವಿದೆ. ಅರ್ಜಿಯನ್ನು ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್ ಮಟ್ಟದ ವಿಚಾರಣಾಧಿಕಾರಿಗೆ ಕೊಡಬೇಕು. ವಾಹನ ಗೊತ್ತಿದ್ದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು, 6 ತಿಂಗಳೊಳಗೆ ಅರ್ಜಿ ಸಲ್ಲಿಸುವುದು ಕ್ಷೇಮ. ಮುರಿದ ಸೈಕಲ್ಲನ್ನು ಮಹಜರಿಗೆ ಮುನ್ನ ರಿಪೇರಿ ಮಾಡಿಸಬೇಡಿ.

ನಮ್ಮ ರಸ್ತೆಯ ಅಪಾಯಕಾರಿ ಜಾಗದ ಬಗ್ಗೆ ಯಾರಿಗೆ ದೂರು ಕೊಡಬೇಕು?

ಗುಂಡಿ, ಚರಂಡಿ ಜಾಲರಿ, ಬೀದಿದೀಪಗಳಿಗೆ ಮಹಾನಗರ ಪಾಲಿಕೆ. ರಾಂಗ್ ಸೈಡ್ ಓಡಾಟ, ಅಡ್ಡಾದಿಡ್ಡಿ ನಿಲುಗಡೆಗಳಿಗೆ ಸಂಚಾರ ಪೊಲೀಸ್ ಠಾಣೆ. ವೇಗಮಿತಿ ಇಳಿಸುವುದು, ಅಂಡರ್‌ಪಾಸ್, ಪಥಗಳಂಥ ದೊಡ್ಡ ವಿಷಯಗಳಿಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ. ಅರ್ಜಿಯಲ್ಲಿ ‘ಸೈಕಲ್ ಸವಾರರಿಗೆ ತೊಂದರೆಯಾಗುತ್ತಿದೆ’ ಎಂದಷ್ಟೇ ಬರೆದರೆ ಅದು ಕಡತ ಸೇರುತ್ತದೆ. ಯಾವ ರಸ್ತೆ, ಯಾವ ಕಂಬದ ಸಂಖ್ಯೆಯ ಎದುರು, ಯಾವ ಹೊತ್ತಿನಲ್ಲಿ, ಏನು ನಡೆಯುತ್ತದೆ, ಏನು ಮಾಡಿಕೊಡಬೇಕು ಎಂದು ಬರೆದು ಫೋಟೊ ಲಗತ್ತಿಸಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಒಂದು ಪ್ರತಿಯನ್ನು ಇಟ್ಟುಕೊಳ್ಳಬೇಕು. ಜಾಲರಿಯ ಸೀಳು ಚಕ್ರದ ದಿಕ್ಕಿಗಿದ್ದರೆ ಅಡ್ಡಲಾಗಿ ತಿರುಗಿಸಿ ಹಾಕಿಸಿ ಎಂದೇ ಕೇಳಿ. ಹೊಸ ಟೆಂಡರ್ ಕಾಯದೆ ಆಗುವ ಕೆಲಸವದು.